ಸೋಮವಾರ ಕೆಡೂ ಗಾಡಿ

೧೯೮೬ ಜನವರಿ ೧೬, ಗುರುವಾರ. ರಾತ್ರಿ ಎಂಟೂವರಿ

ಹಾಂ... ತಿರಗಾಕತ್ತೈತಿ. ಟೇಪ್ ರೆಕಾರ್ಡರಿನ ಬೆಲ್ಟ್ ಮತ್ತ ಜಾರಿತ್ತು. ಸೈಕಲ್ ಟ್ಯೂಬ್ ಕತ್ತರಿಸಿ ಹಾಕೇನಿ. ಮಾತು ಸ್ವಲ್ಪ ಜೋರ ಓಡ್ತೈತಿ. ಓಡ್ಲಿ. ನಾ ಮಾತಾಡೂದ ಹಂಗ.

ಇವತ್ತ ಮೂರ ಗಾಡಿ. ಲಾರಿ — ಬ್ರೇಕ್. ಜೀಪು — ಕ್ಲಚ್ ಪ್ಲೇಟ್, ಸುಟ್ಟ ವಾಸನಿ ಇನ್ನೂ ಮೂಗಿನಾಗೈತಿ. ಮೂರನೇದು ಸವಣೂರ ಮೈಲಾರಲಿಂಗಪ್ಪ ಕಾಕಾನ ಬಿಳಿ ಅಂಬಾಸಡರ್. ಬಾಡಿಗಿ ಗಾಡಿ. ಮಾಲಕನೂ ಅವನ, ಡ್ರೈವರೂ ಅವನ. ಮೈಲಾರದೇವರ ಭಕ್ತ. ಹಣಿ ತುಂಬ ಭಂಡಾರದ ಅರಿಷಿಣ. ದೂರಿಂದ ನೋಡಿದ್ರ ಸೂರ್ಯಕಾಂತಿ ಹೂ ನಡಕೋಂತ ಬಂದಂಗ.

ಬಂಕಾಪುರ ಕಿಲ್ಲೇದ ಹಂತೇಕ ನಿಂತಿತ್ತಂತ ಗಾಡಿ. ಡೆಲ್ಕೋ ಬಿಚ್ಚಿದೆ. ಬುಕ್ಕಿನಾಗ ಡಿಸ್ಟ್ರಿಬ್ಯೂಟರ್ ಅಂತಾರ, ನಮ್ಮ ಗ್ಯಾರೇಜಿನಾಗ ಡೆಲ್ಕೋ. ಒಳಗ ಪಾಯಿಂಟ್ ಸವದಿದ್ವು, ಗ್ಯಾಪ್ ಮುಚ್ಚಿತ್ತು. ಉಜ್ಜಿದೆ, ಗ್ಯಾಪ್ ಕೊಟ್ಟೆ, ಸೆಲ್ಫ್ ಹೊಡದೆ — ಒಂದ ಸಲಕ್ಕ ಹತ್ತಿತು. ಹತ್ತ ನಿಮಿಷದ ಕೆಲಸ.

ಕಾಕಾ ಬಾಯಿ ತಗದು ನೋಡ್ಕೋಂತ ನಿಂತಿದ್ದ. "ಇಷ್ಟ ಸಣ್ಣ ಡಬ್ಬಿ ಇಡೀ ಗಾಡಿ ನಿಂದ್ರಸತೈತೇನ ತಮ್ಮಾ?"

ನನಗ ಹುಕಿ ಬಂತು. "ಸಣ್ಣ ಡಬ್ಬಿ ಅಲ್ರಿ ಕಾಕಾರ. ಕೆಳಗ ಕ್ಯಾಮ್ ಶಾಫ್ಟ್ ತಿರಗತೈತಿ. ಅದು ಎಲ್ಲಿಗೆ ಬಂತು, ಯಾವ ಸಿಲಿಂಡರಿಗೆ ಈಗ ಬೆಂಕಿ ಕೊಡಬೇಕು — ಇದಕ್ಕಷ್ಟ ಗೊತ್ತು. ಇದು ತಪ್ಪಿದ್ರ ಪೆಟ್ರೋಲ್ ಇದ್ದೂ ಇಲ್ಲ, ಬ್ಯಾಟರಿ ಇದ್ದೂ ಇಲ್ಲ. ಇದು ಗಾಡಿಯ ಗರ್ಭಗುಡಿ ರಿ, ಗರ್ಭಗುಡಿ!"

ಹ್ಯಾಂಗ ಬಂತೋ ಬಾಯಾಗ. ಚಲೋ ಬಂತು. ಕಾಕಾ ಡೆಲ್ಕೋಕ್ಕ ಕೈ ಮುಗದ ಬಿಟ್ಟ! ಉಳಿವೆಪ್ಪಣ್ಣ ಲಾರಿ ಬುಡಕ ಮಲಕೊಂಡಿದ್ದಾವ ಅಲ್ಲಿಂದನ ಒದರಿದ, "ಮಂಗಳಾರತಿ ಯಾವಾಗ್ಲೇ ಗುತ್ಯಾ? ಹೇಳು, ಎದ್ದ ಬರ್ತೇನಿ." ಅವನೂ ಇಲ್ಲೆ ಮೆಕ್ಯಾನಿಕ್, ನನಗಿಂತ ಹತ್ತ ವರ್ಷ ಹಿರ್ಯಾ. ಕೈ ಚಲೋ ಐತಿ. ನನ್ನಷ್ಟಲ್ಲ.

ಇನ್ನ ಖರೇ ಸುದ್ದಿ. ಗ್ಯಾರೇಜ್ ಮಾಲಕ, ನಮ್ಮ ಉಸ್ತಾದ್ ದಸ್ತಗೀರಸಾಬ ಊಟದಾಗ ಹೇಳಿದ್ರು. ಮಾರ್ಚಿನಾಗ ಹಾನಗಲ್ಲಿನಾಗ ಇನ್ನೊಂದ ಗ್ಯಾರೇಜ್ ತಗಿಯೋರು. ಅಲ್ಲೆ ಒಬ್ಬ ಮೇಸ್ತ್ರಿ ಬೇಕು. ಉಳಿವೆಪ್ಪಣ್ಣ, ಇಲ್ಲಾ ನಾನು.

ನಾನ. ಮತ್ಯಾರು.

ಹಂಸಭಾವಿ ಬಿಟ್ಟು ಐದ ವರ್ಷಾತು. ಹಿರೇಕೆರೂರಾಗ ಪಂಕ್ಚರ್. ಆಮ್ಯಾಲೆ ಹುಬ್ಬಳ್ಳಿ. ಆಮ್ಯಾಲೆ ಇಲ್ಲೆ, ಶಿಗ್ಗಾವಿ. ಎಲ್ಲೂ ಕಾಲ ನಿಂದ್ರವಲ್ವು. ಎಲ್ಲೆ ಹೋದ್ರೂ ಸ್ಪ್ಯಾನರ್ ಎತ್ತಿಕೊಡೂ ಹುಡುಗ, "ಲೇ, ಪಾನಾ ತಗೊಂಬಾ." ಒಂದ ಊರಾಗರ ನಾ ಪಾನಾ ಕೇಳಾಂವ ಆಗಬೇಕು. ಹಾನಗಲ್ಲಿನಾಗ ಆಗ್ತೇನಿ. ಬರದಿಟ್ಕೋ ಟೇಪ...

ಜನವರಿ ೨೦, ಸೋಮವಾರ. ಸಂಜಿ ಏಳು

ಅಂಬಾಸಡರ್ ವಾಪಸ್ ಬಂತು. ಜರ್ಕ್ ಹೊಡಕೋಂತ, ಕೆಮ್ಮಕೋಂತ. ಸವಣೂರಿಂದ ಇಲ್ಲೀತನ ಎರಡ ತಾಸಂತ. ಬಸ್ಸಿಗೆ ಮುಕ್ಕಾಲ ತಾಸು.

ಡೆಲ್ಕೋ ತಗದ್ರ ಪಾಯಿಂಟಿನ ಮ್ಯಾಲೆ ಕಂದ ಬಣ್ಣದ ಜಿಗಟ. ಇಂಜಿನ್ ಎಣ್ಣಿ ಮ್ಯಾಲೆ ಏರೈತಿ. ಪಾಯಿಂಟ್ ಹೊಸಾವ ಹಾಕಿದೆ. ಇಂಜಿನ್ ರೇಶ್ಮಿ ಆತು.

"ಮತ್ತ ಬರೂದಿಲ್ಲಲ್ಲ ತಮ್ಮಾ?" ಕಾಕಾ ಕೇಳಿದ.

"ಬಂದ್ರ ನನ್ನ ಹೆಸರು ಗುತ್ತೆಪ್ಪ ಅಲ್ಲ ರಿ."

ಜನವರಿ ೨೭, ಸೋಮವಾರ

ಬಂತು.

ಕಂಡೆನ್ಸರ್ ಬದಲಿ. ಕ್ಯಾಪ್ ಬದಲಿ. ರೋಟರ್ ಬದಲಿ. ಅದ ಜಿಗಟ, ಅದ ಕಂದು. ಒರಸಿ ಒಗದೆ.

ಉಳಿವೆಪ್ಪಣ್ಣ ನನ್ನ ಹೊಸಾ ಹೆಸರು ಏನಂತ ಕೇಳಾಕತ್ತಾನ. ಮುಂಜಾನಿಂದ ಏಳ ಸಲ.

ಫೆಬ್ರವರಿ ೩, ಸೋಮವಾರ. ರಾತ್ರಿ

ಮತ್ತ ಬಂತು. ಈ ಸಲ ಟ್ರ್ಯಾಕ್ಟರ್ ಹಿಂದ ಹಗ್ಗ ಕಟ್ಟಿಸ್ಕೊಂಡು.

ಸವಣೂರಾಗ ಹೊಸಾ ಮದಲಿಂಗ, ಮದಿಮಗಳು ಹತ್ಯಾರ. ದುಂಡಸಿಗೆ ಬಿಡಬೇಕು. ಗಾಡಿ ಊರ ಹೊರಗ ಎರಡ ಸಲ ಡಮಾರ್ ಅಂದು ನಿಂತೈತಿ. ಮದಲಿಂಗನ ಪಟಗಾ ಬಿಚ್ಚೈತಿ ಅಂತ, ಅಂಜಿ. ಕಡೀಕ ಇಬ್ರೂ ಬಾಸಿಂಗ ಕಟ್ಟಕೊಂಡು ಕಬ್ಬಿನ ಟ್ರೇಲರಿನಾಗ ಹೋಗ್ಯಾರ. ಉಳಿವೆಪ್ಪಣ್ಣ ನಕ್ಕ ನಕ್ಕ ಜ್ಯಾಕಿನ ಮ್ಯಾಲೆ ಬಿದ್ದ.

ಆಮ್ಯಾಲೆ ಅವನ ಶಾಣ್ಯಾತನ ಸುರು. "ಮೊದಲನೇದು ಬಿಟ್ರ ಎಲ್ಲಾ ಸಲ ಸೋಮವಾರನ ಬರತೈತಿ, ನೋಡಿಯಿಲ್ಲೋ? ಯಾಕ ಹೇಳು?"

ಮುಂದ ತಾನ ಹೇಳಿದ, ಯಾಕ ಅಂದ್ರ ಕಾಕಾ ರವಿವಾರ ಗಾಡಿ ಹೊರಗ ತಗಿಯೂದಿಲ್ಲ. ಒಕ್ಕಲಿಗರು ಸೋಮವಾರ ಎತ್ತು ಹೂಡೂದಿಲ್ಲಲ್ಲ, ಹಂಗ. ರವಿವಾರ ಮೈಲಾರನ ವಾರ, ಅವತ್ತ ಗಾಡಿಗೆ ಸೂಟಿ. "ದಿನಪೂರ್ತಿ, ರಾತ್ರಿಪೂರ್ತಿ ಹೊರಗ ನಿಂದ್ರತೈತಿ. ಚಳಿಗಾಲ. ಇಬ್ಬನಿ ಬೀಳತೈತಿ, ಡೆಲ್ಕೋದಾಗ ನೀರ ಇಳೀತೈತಿ. ಇಷ್ಟ ತಿಳಿಯೂದಿಲ್ಲ, ಹಾನಗಲ್ಲಿಗೆ ಮೇಸ್ತ್ರಿ ಆಗ್ತಾನಂತ!"

ಮಾತು ಖರೇ ಅನಿಸ್ತು. ಬಾಯಿಲೆ ಒಪ್ಪಲಿಲ್ಲ. ಲಾರಿ ಟ್ಯೂಬ್ ಕತ್ತರಿಸಿ ಡೆಲ್ಕೋಕ್ಕ ಟೊಪಿಗಿ ಮಾಡಿ ಹಾಕಿದೆ. ಕಾಯಿಲನೂ ಬದಲಿ ಮಾಡಿದೆ. ಈಗ ಬಾವ್ಯಾಗ ಮುಳಗಿಸಿದ್ರೂ ಒಂದ ಹನಿ ಒಳಗ ಹೋಗೂದಿಲ್ಲ.

ಕಾಕಾ ಹೋಗೂ ಮುಂದ ನನ್ನ ಕರದು ಸಣ್ಣಕ ಹೇಳಿದ. "ನಿಂದೇನೂ ತಪ್ಪಿಲ್ಲ ತಮ್ಮಾ. ನನ್ನ ಕಡಿಂದನ ಏನೋ ಕಡಿಮಿ ಬಿದ್ದೈತಿ. ದೇವರು ಸಿಟ್ಟಾಗ್ಯಾನ. ಬರೂ ರವಿವಾರ ಸೇವಾ ಇನ್ನೂ ಚಲೋ ಮಾಡ್ತೇನಿ."

ನಾ ಅಂದೆ, ದೇವರಿಗೆ ಡೆಲ್ಕೋ ಸುದ್ದಿ ಯಾಕ ಬೇಕ್ರಿ ಕಾಕಾರ, ನಾ ಅದೇನಿ.

ನಗಲಿಲ್ಲ ಆಂವ.

ಫೆಬ್ರವರಿ ೧೦, ಸೋಮವಾರ. ಮಧ್ಯಾಹ್ನ ಮೂರು

ಐದನೇ ಸಲ.

ಟ್ಯೂಬಿನ ಟೊಪಿಗಿ ತಗದೆ. ಒಳಗ ಒಣಾ ಒಣಾ. ಕಡ್ಡಿ ಗೀರಿದ್ರ ಹತ್ತಬೇಕು ಅಷ್ಟ ಒಣಗೈತಿ. ನೀರಲ್ಲ. ಉಳಿವೆಪ್ಪಣ್ಣನ ಇಬ್ಬನಿ ಅಲ್ಲ! ಖುಶಿ ಆತು... ಮುಂದ ತಿಳೀತು, ಖುಶಿ ಪಡೂದಲ್ಲ. ಹಂಗಾರ ಏನು?

ಜಿಗಟ ಮಾತ್ರ ಮೊದಲಿಗಿಂತ ಎರಡ ಪಟ್ಟು.

ಉಸ್ತಾದ್ ಚಾ ಕಪ್ ಕೆಳಗಿಟ್ರು. ಅವ್ರು ಒದರೂದಿಲ್ಲ. ಒದರಿದ್ರ ಚಲೋ ಇತ್ತು.

"ಬೇಟಾ, ಒಂದ ಗಾಡಿ ಐದ ಸಲ ನನ್ನ ಬಾಗಲಿಗೆ ಬಂತು. ಇಪ್ಪತ್ತೆಂಟ ವರ್ಷದಾಗ ಹಿಂಗಾಗಿಲ್ಲ. ಇನ್ನೊಂದ ಸಲ ಕೊಡ್ತೇನಿ. ನೀ ಸರಿ ಆತು ಅಂದ ದಿನದಿಂದ ಹದಿನೈದ ದಿನ. ಅಷ್ಟರಾಗ ಅದು ಕೆಟ್ಟು ಇಲ್ಲೆ ಬರಬಾರ್ದು. ಬರಲಿಲ್ಲ, ಹಾನಗಲ್ಲು ನಿಂದು. ಬಂತು, ಉಳಿವೆಪ್ಪಂದು. ನೀ ಟೈರ್ ಕಡೆ ಕುಂದ್ರು."

ಉಳಿವೆಪ್ಪಣ್ಣ ನಗಲಿಲ್ಲ. ಅದ ಚುಚ್ಚಿತು.

ಇಡೀ ಡೆಲ್ಕೋ ಬಿಚ್ಚಿ ಉಸ್ತಾದರ ಕಪಾಟಿನಾಗಿಂದ ಇನ್ನೊಂದ ಹಾಕಿ ಗಾಡಿ ಕಳಿಸೇನಿ. ಸರಿ ಆತು ಅಂತ ಹೇಳಿಲ್ಲ. ಹಳೇದು ನನ್ನ ಬೆಂಚಿನ ಮ್ಯಾಲೈತಿ. ಅದು ಹೇಳ್ಬೇಕು, ಏನಾಗೈತಿ ಅಂತ. ಹೇಳಸ್ತೇನಿ.

ಫೆಬ್ರವರಿ ೧೧, ಮಂಗಳವಾರ. ಮಧ್ಯಾಹ್ನ ಎರಡು

ಎಲ್ಲಾರೂ ಮಲಗ್ಯಾರ, ಸಣ್ಣಕ ಮಾತಾಡ್ತೇನಿ.

ಊಟಾತು. ಸವಣೂರ ಎಲಿ ಇತ್ತು, ಸುಣ್ಣ ಹಚ್ಚಿ ಬಾಯಿಗೆ ಒಗದೆ. ಕೈ ತೊಳೀಲಿಲ್ಲ. ಹಂಗ ಡೆಲ್ಕೋ ಮುಂದ ಕುಂತೆ. ಈ ಸಲ ಪೂರ್ತಿ ಬಿಚ್ಚಿದೆ. ಪಾಯಿಂಟ್ ಕುಂದ್ರೂ ತಗಡು ಇರತೈತಲ್ಲ, ಅದನ್ನೂ ಎತ್ತಿದೆ. ಹಿಂದಿನ ಸಲ ಯಾವಾಗ್ಲೂ ಮ್ಯಾಲಿಂದ ಒರಸಿದ್ದೆ. ತಗಡಿನ ಕೆಳಗ ನೋಡಿದಾವಲ್ಲ. ಕೆಳಗ ಬೆರಳ ತುದಿ ಮುಳಗೂವಷ್ಟು ಗಟ್ಟಿ ಕೆಸರು. ಎಣ್ಣಿ ಕುಡದ ಪುಡಿ.

ಏನ ಪುಡಿ? ತುಕ್ಕು ಅಲ್ಲ. ಇದ್ದಲಿ ಅಲ್ಲ. ಹೆಬ್ಬಟ್ಟಿಲೆ ತೀಡಿದೆ.

ಕೆಂಪಗಾತು.

ಹೆಬ್ಬಟ್ಟ ನೋಡಿದೆ. ಸುಣ್ಣ ಹತ್ತಿದ ಕಡೆ ಕೆಂಪು. ಹತ್ತದ ಕಡೆ ಕಂದು. ಮತ್ತ ಇಷ್ಟ ಸುಣ್ಣ ತಗೊಂಡು ಹಚ್ಚಿದೆ. ಮತ್ತ ಕೆಂಪು. ರಕ್ತದಂಗ.

ಅರಿಷಿಣಕ್ಕ ಸುಣ್ಣ ಬಿದ್ರ ಏನಾಗತೈತಿ ಅಂತ ಯಾವ ಮೆಕ್ಯಾನಿಕ್ ಬುಕ್ಕಿನಾಗೂ ಬರದಿಲ್ಲ. ನಮ್ಮವ್ವ ಆರತಿ ತಾಟಿನಾಗ ಕಲಸೂದು ನೋಡಿದ ಹುಡುಗೂರಿಗೆಲ್ಲ ಗೊತ್ತು.

ಡೆಲ್ಕೋದಾಗ ಅರಿಷಿಣ. ಭಂಡಾರ.

ಕಾಕಾ!

ಅದ ದಿನ. ರಾತ್ರಿ ಹತ್ತು

ಆಂವ ಯಾಕ ಹಾಕ್ತಾನ? ಗಾಡಿ ಪೂಜಿ ಎಲ್ಲಾರೂ ಮಾಡ್ತಾರ. ಸ್ಟೇರಿಂಗಿಗೆ ಹಚ್ತಾರ, ಬಾನೆಟ್ಟಿಗೆ ಹಚ್ತಾರ. ಕ್ಲಿಪ್ ಬಿಚ್ಚಿ, ಕ್ಯಾಪ್ ತಗದು, ಡೆಲ್ಕೋದ ಹೊಟ್ಟ್ಯಾಗ ಯಾಕ? ಯಾ ಮಳ್ಳ ಹೇಳಿಕೊಟ್ಟ ಇದನ್ನ?

ಇದ ಕ್ಯಾಸೆಟ್ ಹಿಂದಕ್ಕ ಓಡಿಸಿ ಮೊದಲಿಂದ ಕೇಳಿದೆ, ಎಲ್ಲೆರ ಸುಳಿವು ಸಿಗತೈತೇನಂತ.

ಸಿಕ್ಕಿತು. ನನ್ನ ದನಿ. ಜೋರಾಗಿ ಓಡೂ ದನಿ, ನವಿಲ ಒದರಿದಂಗ. "ಇದು ಗಾಡಿಯ ಗರ್ಭಗುಡಿ ರಿ, ಗರ್ಭಗುಡಿ!"

ಬಂದ್ ಮಾಡಿದೆ ಟೇಪ.

ಜನವರಿ ಹದಿನಾರಕ್ಕ ಕಾಕಾನ ಗಾಡಿಗೆ ಪಾಯಿಂಟ್ ಸವದದ್ದಷ್ಟ. ಅದನ್ನ ಹತ್ತ ನಿಮಿಷದಾಗ ಸರಿ ಮಾಡಿದ್ದೆ. ಅಲ್ಲಿಗೆ ಬಾಯಿ ಮುಚ್ಚಿದ್ರ ಮುಗೀತಿತ್ತು. ಆಮ್ಯಾಲಿನ ನಾಕೂ ಸಲ ಗಾಡಿ ಕೆಡಿಸಿದಾಂವ ನಾ. ದೇವರು ಸಿಟ್ಟಾಗ್ಯಾನಂತ ಆಂವ ವಾರ ವಾರ ಇನ್ನಷ್ಟ ಹಾಕಾಕತ್ತಾನ. ಹಾಕಿದಷ್ಟ ಗಾಡಿ ಕೆಡಾಕತ್ತೈತಿ. ಕೆಟ್ಟಷ್ಟ ಆಂವ ಅಂಜಾಕತ್ತಾನ.

ಫೆಬ್ರವರಿ ೧೪, ಶುಕ್ರವಾರ. ಮುಂಜಾನೆ ಆರು

ಎರಡ ದಿನ ವಿಚಾರ ಮಾಡಿದೆ. ಒಂದ ಸರಳ ದಾರಿ ಐತಿ. ಡೆಲ್ಕೋದ ಎರಡೂ ಕ್ಲಿಪ್ಪಿಗೆ ತಂತಿ ಸುತ್ತಿ, ಕರೆಂಟ್ ಮೀಟರಿಗೆ ಹೊಡೀತಾರಲ್ಲ, ಹಂಗ ಸೀಸದ ಸೀಲ್ ಹೊಡಿಯೂದು. "ಬಿಚ್ಚಬ್ಯಾಡ್ರಿ ಕಾಕಾರ" ಅನ್ನೂದು. ಯಾಕಂತ ಹೇಳೂದ ಬ್ಯಾಡ. ಹದಿನೈದ ದಿನ ಹೋಗ್ತಾವ. ಹಾನಗಲ್ಲು ನಂದು. ನನ್ನ ಬಾಯಿ ಸುದ್ದಿ ಯಾರಿಗೂ ತಿಳಿಯೂದಿಲ್ಲ.

ಆದ್ರ ಆಂವ ಏನ ತಿಳಕೋತಾನ? ದೇವರ ಮುಂದ ಬಾಗಲ ಹಾಕಿದ್ರು ಅಂತ. ಸೀಲ್ ಹರದು ಒಳಗ ಹೋಗ್ತಾನ. ನಾ ಆಂವಾಗಿದ್ರ ನಾನೂ ಹರೀತಿದ್ದೆ.

ಮತ್ತ... ಆಂವ ರಾತ್ರಿ ನಿದ್ದಿ ಮಾಡವಲ್ಲಂತ. ಸವಣೂರಿಂದ ಎಲಿ ಮಾರಾಕ ಬರೂ ಹೆಣಮಗಳು ಹೇಳಿದ್ಲು. ಹೆಂಡ್ತಿ ಜೋಡಿನೂ ಮಾತಿಲ್ಲಂತ.

ಉಸ್ತಾದರಿಗೆ ರವಿವಾರ ಸೂಟಿ ಕೇಳೇನಿ.

ಫೆಬ್ರವರಿ ೧೬, ರವಿವಾರ. ಸಂಜಿ ಐದು. ಸವಣೂರ ಬಸ್ ಸ್ಟ್ಯಾಂಡು

ಟೇಪ ಚೀಲದಾಗಿತ್ತು. ಶಿಗ್ಗಾವಿ ಬಸ್ಸಿಗೆ ಇನ್ನ ಹೊತ್ತೈತಿ. ಮಂದಿ ನೋಡಾಕತ್ತಾರ, ಇಂವ ಚೀಲದ ಜೋಡಿ ಮಾತಾಡ್ತಾನಂತ. ನೋಡ್ಲಿ.

ಮುಂಜಾನೆ ಎಂಟಕ್ಕ ಕಾಕಾನ ಮನಿ ಮುಂದ ಇಳದೆ. ಗಾಡಿ ತೊಳದು ಅಂಗಳದಾಗ ನಿಂದ್ರಿಸಿದ್ದ. ಬಾನೆಟ್ ತೆರದಿತ್ತು. ಕಾಕಾ ಜಳಕಾ ಮಾಡಿ, ಹಸಿ ಧೋತರ, ಕೈಯಾಗ ಭಂಡಾರದ ಚೀಲ. ಡೆಲ್ಕೋ ಕ್ಯಾಪ್ ತಗದು, ವಾಯರ್ ಸುದ್ದಾ, ಮೆತ್ತಗ ಬಾಜೂಕ ಇಟ್ಟಿದ್ದ. ಕಲಿಸಿಕೊಟ್ಟಷ್ಟ ಚಂದ ತಗದಿದ್ದ. ಮುಷ್ಟಿ ತುಂಬ ಭಂಡಾರ. ಕಣ್ಣು ಮುಚ್ಚಿದ್ದ.

"ಹಾಕಬ್ಯಾಡ್ರಿ!"

ಜೋರ ಒದರಿದೆ. ಆಜೂ ಬಾಜೂ ಮಂದಿ ಹೊರಗ ಬಂತು. ಭಂಡಾರ ಹಿಡಿದಾವನ ಮುಂದ ಹಂಗ ಒದರೂದೇನ? ಕಾಕಾ ಕಣ್ಣ ತೆರದ. ಮಾರಿ ಕೆಂಪಗಾತು.

"ಏನಂದಿ?"

"ಅದ ಗಾಡಿ ಕೆಡಸಾಕತ್ತೈತ್ರಿ ಕಾಕಾರ."

"ನಮ್ಮಪ್ಪ ಮೈಲಾರ ನನ್ನ ಗಾಡಿ ಕೆಡಸ್ತಾನ? ಮಾತ ನೋಡಿ ಆಡು ತಮ್ಮಾ. ಊರ ಬಿಟ್ಟ ಊರಿಗೆ ಬಂದೀದಿ."

"ದೇವರಲ್ರಿ. ನನ್ನ ಬಾಯಿ."

ಅರ್ಥ ಆಗ್ಲಿಲ್ಲ ಅವಂಗ. ಯಾರಿಗೆ ಆಗಬೇಕು? "ಬೈಯೂದು ಆಮ್ಯಾಲೆ ಬೈರಿ. ಮೊದಲ ಒಂದ ಆಟ ನೋಡ್ರಿ" ಅಂದೆ. ಚೀಲದಾಗಿಂದ ಸಣ್ಣ ಬಲ್ಬು ತಗದೆ. ಬ್ಯಾಟರಿಯಿಂದ ಒಂದ ವಾಯರ್, ಪಾಯಿಂಟಿಂದ ಒಂದು. ಪಾಯಿಂಟ್ 'ಎರಡು ತುಟಿ ಇದ್ದಂಗ ರಿ, ಮುಟ್ಟಿ ಬಿಡಬೇಕು, ಮುಟ್ಟಿ ಬಿಡಬೇಕು, ಆಗ ಬೆಂಕಿ' ಅಂತ ತೋರಿಸಿದೆ. ತುಟಿ ಮುಚ್ಚಿದೆ, ಬಲ್ಬ್ ಹತ್ತಿತು. ಬಿಟ್ಟೆ, ಆರಿತು. ಮಂದಿ ಹತ್ರ ಬಂತು.

"ಈಗ ನೀವ ಹಾಕ್ರಿ. ಮುಷ್ಟಿ ಬ್ಯಾಡ. ಒಂದ ಚಿಟಿಗಿ. ಈ ತುಟಿ ನಡುವ."

ಕಾಕಾ ನನ್ನ ನೋಡಿದ. ಚಿಟಿಗಿ ಹಾಕಿದ. ತುಟಿ ಮುಚ್ಚಿದೆ.

ಬಲ್ಬ್ ಹತ್ತಲಿಲ್ಲ.

ಪಾಲಿಶ್ ಪೇಪರಲೆ ಉಜ್ಜಿದೆ. ಹತ್ತಿತು. ಮತ್ತ ಹಾಕಿಸಿದೆ. ಆರಿತು. ಮೂರ ಸಲ. ಮೂರನೇ ಸಲ ಕಾಕಾನ ಕೈ ಹಾಕಾಕ ಏಳಲಿಲ್ಲ.

ಅಂಗಳದಾಗನ ಕುಂತ ಬಿಟ್ಟ. "ಗರ್ಭಗುಡಿ ಅಂದ್ಯಲ್ಲ ನೀನು." ಸಿಟ್ಟಿಲ್ಲ ಈಗ ದನ್ಯಾಗ. ಸಣ್ಣ ಹುಡುಗ ಕೇಳಿದಂಗ.

"ಅಂದಿದ್ದೆ ರಿ. ದೊಡ್ಡ ಮಾತು ಆಡೂ ಚಟ ರಿ ನನಗ. ನೀವ ಹಾಕಿದ್ದು ತಪ್ಪಲ್ಲ. ಗರ್ಭಗುಡಿ ಅಂದ ಮ್ಯಾಲೆ ಯಾರೂ ಬರಿಗೈಲೆ ನಿಂದ್ರೂದಿಲ್ಲ."

"ಗರ್ಭಗುಡಿ ಒಳಗ ಹ್ಯಾಂಗಿರತೈತಿ, ನೋಡೀಯೇನ ನೀ?"

ಸುಳ್ಳ ಹೇಳಬಹುದಿತ್ತು. ಸುಳ್ಳ ನನಗ ಲಗೂನ ಬರತೈತಿ.

"ಇಲ್ರಿ. ನಮ್ಮ ಕೇರಿಯವರ್ನ ಅಷ್ಟ ಒಳಗ ಬಿಡೂದಿಲ್ರಿ. ಹೊರಗ ನಿಂತ ಕೈ ಮುಗೀತೇವ್ರಿ."

ಇಬ್ರು ಮೂರ ಮಂದಿ ಕೆಳಗ ನೋಡಿದ್ರು. ನಾ ವಾಯರ್ ಸುತ್ತಾಕತ್ತಿದೆ. ಸುತ್ತಿದ್ದನ್ನ ಬಿಚ್ಚಿ ಮತ್ತ ಸುತ್ತಿದೆ.

ಕಾಕಾನ ಹೆಂಡ್ತಿ ಹೊಳೆವ್ವ ಅಷ್ಟೊತ್ತನಕ ಬಾಗಲದಾಗ ನಿಂತಿದ್ಲು, ಸೆರಗಿನ್ಯಾಗ ಕೈ ಒರಸ್ಕೋಂತ. ಗಂಡಗ ಅಂದ್ಲು:

"ಅಲ್ಲ, ನೀ ವರ್ಷಾ ಮೈಲಾರಕ್ಕ ಹೋಗ್ತಿ. ಅಲ್ಲೆ ಗರ್ಭಗುಡಿ ಒಳಗ ನುಗ್ಗಿ ಭಂಡಾರ ಸುರುವೀಯೇನು?"

"ಏ, ಅದ್ಹೆಂಗಾಗತೈತ? ಒಳಗ ಪೂಜಾರಿ ಇರ್ತಾನ. ನಾವು ಹೊರಗಿಂದ ತೂರೂದು."

"ಮತ್ತ ಇಲ್ಲೆ ಯಾಕ ಒಳಗ ನುಗ್ಗಿದಿ? ಇದರ ಪೂಜಾರಿ ಇಲ್ಲೆ ನಿಂತಾನಲ್ಲ." ನನ್ನ ಕಡೆ ಕೈ ಮಾಡಿದ್ಲು. "ಒಳಗಿಂದು ಆಂವ ನೋಡ್ಲಿ. ನೀ ಹೊರಗ ನಿಂತ ತೂರು. ಬಾನೆಟ್ಟ ಅಷ್ಟ ಅಗಲ ಐತಿ, ಸಾಲದೇನು ನಿನಗ?"

ಮಂದ್ಯಾಗ ಒಬ್ಬ ಮುದುಕ ಕಿಸಕ್ಕನ ನಕ್ಕ. ಆಮ್ಯಾಲೆ ಎಲ್ಲಾರೂ. ಕಾಕಾ ನಗಲಿಲ್ಲ. ಎದ್ದ. ನನ್ನ ಮುಂದ ಬಂದು ನಿಂತ. ಬಡೀತಾನೇನೋ ಅಂತ ಹಲ್ಲ ಕಚ್ಚಿ ನಿಂತೆ.

"ಒರಸು ಒಳಗ" ಅಂದ. "ಸ್ವಚ್ಛ ಒರಸು. ಮುಚ್ಚು. ಮುಚ್ಚಿದ ಮ್ಯಾಲೆ ನಂಗ ಹೇಳು."

ಒರಸಿದೆ. ಪೆಟ್ರೋಲ್ ಹಾಕಿ ತೊಳದೆ. ತಗಡಿನ ಕೆಳಗೂ. ಗ್ಯಾಪ್ ನೋಡಿ, ಕ್ಯಾಪ್ ಕುಂದ್ರಿಸಿ, ಕ್ಲಿಪ್ ಒತ್ತಿ, ಬಾನೆಟ್ ಇಳಿಸಿದೆ. "ಆತ್ರಿ."

ಆಗ ಆಂವ "ಏಳುಕೋಟಿಗೋ!" ಅಂತ ಮೈಲಾರನ್ನ ಕೂಗಿ ಮುಷ್ಟಿ ಬಿಚ್ಚಿದ. ಇಡೀ ಬಾನೆಟ್ ಹಳದಿ. ಅರ್ಧ ನನ್ನ ತಲಿ ಮ್ಯಾಲೆ ಬಿತ್ತು. ಕಣ್ಣಾಗ, ಬಾಯಾಗ. ಸೀನು ಬಂತು.

ಸೆಲ್ಫ್ ಒಂದ ಸಲ. ನಾಕೂ ಸಿಲಿಂಡರ್ ಹೊಡದ್ವು.

ಹೊಳೆವ್ವ ಒಳಗಿಂದ ಹಿಡಿಕಿ ಇದ್ದ ಕಪ್ಪಿನಾಗ ಚಾ ತಂದ ಕೊಟ್ಲು. ಅವರ ಮಂದಿ ಕುಡಿಯೂದ ಅದ ಕಪ್ಪಿನಾಗ. ನಾ ಕುಡದ ಮ್ಯಾಲೆ ತಾನ ಒಯ್ದು ಉಳದಾವುಗಳ ಜೋಡಿ ಇಟ್ಲು. ನಾ ನೋಡಿದೆ. ನೋಡಬಾರ್ದಂದ್ರೂ ಕಣ್ಣು ಹೋಗತೈತಿ.

ಬಸ್ ಬಂತು. ಇನ್ನೂ ಸೀನ ಬರಾಕತ್ತೈತಿ.

ಫೆಬ್ರವರಿ ೧೭, ಸೋಮವಾರ. ಸಂಜಿ

ಮುಂಜಾನೆ ಉಸ್ತಾದರಿಗೆ ಎಲ್ಲಾ ಹೇಳಿದೆ. ಸೀಸದ ಸೀಲಿನ ವಿಚಾರ ಮಾಡಿದ್ದೂ ಹೇಳಿದೆ. ಉಳಿವೆಪ್ಪಣ್ಣ ಕಿವಿ ನಿಗರಿಸಿಕೊಂಡು ಕೇಳಿದ.

ಉಸ್ತಾದ್ ಕಪ್ಪಿನಾಗಿನ ಚಾ ಮುಗಿಸಿದ್ರು. ಆಮ್ಯಾಲೆ: "ಗಾಡಿ ಕೆಡಿಸಿದ್ದು ಬಾಯಿಲೆ. ಸರಿ ಮಾಡಿದ್ದೂ ಬಾಯಿಲೆ. ಮತ್ತ ಕೈಗೆ ಏನ ಕೆಲಸ ಬೇಟಾ ನಿಂದು?"

"ಹಂಗಾರ ಹಾನಗಲ್ಲು, ಉಸ್ತಾದ್..."

"ಮಾತ ಮಾತ. ಹದಿನೈದ ದಿನ. ಇವತ್ತಿಂದ ಎಣಸು. ಮಾರ್ಚ್ ಮೂರು, ಸೋಮವಾರ."

ಸರಿ. ನಡುವ ಎರಡ ರವಿವಾರ. ಕಾಕಾನ ಕೈ ಮತ್ತ ಕ್ಲಿಪ್ಪಿಗೆ ಹೋದ್ರ ಮುಗೀತು ನನ್ನ ಕಥಿ. ನಾ ಕೆಲಸಾ ಮಾಡಿದ್ದು ಗಟ್ಟಿ. ಅದರ ಮ್ಯಾಲೆ ಭರೋಸಾ ಐತಿ. ಅವನ ಮ್ಯಾಲೆ?

ಐತಿ. ಅದೂ ಐತಿ.

ಫೆಬ್ರವರಿ ೨೪, ಸೋಮವಾರ. ರಾತ್ರಿ ಏಳೂವರಿ

ಬರಲಿಲ್ಲ.

ಮುಂಜಾನಿಂದ ರಸ್ತಾ ನೋಡಿದೆ. ಹೈವೇದಾಗ ಬಿಳಿ ಅಂಬಾಸಡರ್ ಎಷ್ಟ ಅದಾವೋ ಇವತ್ತ ತಿಳೀತು. ಹದಿನೇಳು. ಒಂದೂ ಅವಂದಲ್ಲ.

ನಾ ಸಿಳ್ಳಿ ಹೊಡಕೋಂತ ಪಾನಾ ತೊಳ್ಯಾಕತ್ತಿದ್ದೆ. ಉಳಿವೆಪ್ಪಣ್ಣ ಬಂದು ಬಾಜೂಕ ಕುಂತ. ಬೀಡಿ ಹಚ್ಚಿದ.

"ಖುಶಿ ಆಗ್ಯಾನ ಪೂಜಾರಿ."

"ಬರಲಿಲ್ಲಲ್ಲಣ್ಣ ಗಾಡಿ."

"ಹೌದು ಬರಲಿಲ್ಲ. ಕೆಮ್ಮಕೋಂತರ ಚಾಲೂ ಇದ್ದಿದ್ರ ಬರತಿತ್ತು. ಪೂರ್ತಿ ಸತ್ತು ಅಂಗಳದಾಗ ಬಿದ್ದಿದ್ರ ಹ್ಯಾಂಗ ಬಂದೀತು? ಐದ ಸಲ ಬಂದ ಮಾಲಕ ಆರನೇ ಸಲ ಇಲ್ಲೀಗೆ ಯಾಕ ಬರ್ತಾನ? ಹಾವೇರಿಗೆ ಎಳಕೊಂಡ ಹೋಗಿರ್ತಾನ."

ಸಿಳ್ಳಿ ನಿಂತಿತು.

ಈ ಮನಶಾ ಕೆಟ್ಟವಲ್ಲ. ಹೇಳಿದ್ದರಾಗ ನ್ಯಾಯ ಐತಿ. ಅದಕ್ಕ ತಲ್ಯಾಗ ಕುಂತ ಬಿಟ್ತು.

ಸವಣೂರಿಗೆ ಹೋಗಿ ನೋಡ್ಕೊಂಡ ಬರಲಾ? ಬ್ಯಾಡ. ಹೋದ್ರ ಅವನ ಮ್ಯಾಲೆ ಭರೋಸಾ ಇಲ್ಲಂತಾಗತೈತಿ. ಎಲಿ ಮಾರೂ ಹೆಣಮಗಳ್ನ ಕೇಳೂದೂ ಬ್ಯಾಡ. ಮಾರ್ಚ್ ಮೂರು ತಾನ ಬರ್ಲಿ.

ಮಾರ್ಚ್ ೩, ಸೋಮವಾರ. ಮುಂಜಾನೆ ಹತ್ತೂವರಿ

ಟೇಪ ಗ್ಯಾರೇಜಿಗೆ ತಂದೇನಿ. ಬೆಂಚಿನ ಬುಡಕ ಇಟ್ಟೇನಿ, ಕ್ಯಾಸೆಟ್ ಮುಗ್ಯಾಕ ಬಂದೈತಿ. ಬಾಯಿ ಸುಮ್ನ ಇರವಲ್ದು.

ಏಳಕ್ಕ ಬಂದು ಕುಂತೇನಿ. ಎಂಟಾತು, ಒಂಬತ್ತಾತು. ಕೆಟ್ಟ ನಾಕೂ ಸೋಮವಾರ ಹತ್ತರ ಒಳಗ ಬಂದಿತ್ತು ಅದು. ಉಸ್ತಾದ್ ಕುರ್ಚಿ ಹೊರಗ ಹಾಕಿಸ್ಕೊಂಡಾರ. ಪೇಪರ್ ಓದಾಕತ್ತಾರ, ಹಾಳಿ ತಿರುವವಲ್ರು. ಉಳಿವೆಪ್ಪಣ್ಣ ಒಂದ ನಟ್ಟು ಒಂದ ತಾಸಿಂದ ಬಿಗಿ ಮಾಡಾಕತ್ತಾನ.

ಲಾರಿ. ಬಸ್ಸು. ಲಾರಿ.

...

ತಡಿ.

ಸವಣೂರ ಕಡಿಂದ ಅಂಬಾಸಡರ್. ನೋಡೂದ ಬ್ಯಾಡ ನನಗ, ಕೇಳಸತೈತಿ. ಅದನ. ಆ ಸೈಲೆನ್ಸರಿನ ದನಿ ನಿದ್ದ್ಯಾಗೂ ಗುರತ ಹಿಡೀತೇನಿ. ಉಳಿವೆಪ್ಪಣ್ಣ ತಲಿ ಎತ್ತಿದ. "ಬಂತ ನೋಡ" ಅಂದ. ಉಸ್ತಾದ್ ಪೇಪರ್ ಕೆಳಗಿಟ್ರು.

ಬರಾಕತ್ತೈತಿ. ಬಾನೆಟ್ ಹಳದಿ. ಒಳಗ ಮಂದಿ ತುಂಬ್ಯಾರ. ಹತ್ರ ಬಂತು... ಕೇಳು ಕೇಳು, ಸಿಲಿಂಡರ್ ಸಾಲಾಗಿ ಹೊಡಿಯಾಕತ್ತಾವ. ಒಂದು, ಮೂರು, ನಾಕು, ಎರಡು. ಒಂದು, ಮೂರು, ನಾಕು, ಎರಡು. ಒಂದೂ ತಪ್ಪವಲ್ದು. ಬ್ರೇಕ್ ಹಿಡೀತಾನೇನ? ಕೈ ಹೊರಗ ಹಾಕ್ಯಾನ...

ನಿಂದ್ರಲಿಲ್ಲ.

ಹಾರ್ನ್ ಹೊಡದ, ಹೋದ. ಹಾನಗಲ್ ರಸ್ತಾಕ್ಕ ಹೊಳ್ಳಿದ. ನಿಂದ್ರಲಿಲ್ಲೋ! ನಮ್ಮ ಬಾಗಲ ಮುಂದ ನಿಂದ್ರದ ಹೋದ!

ಉಳಿವೆಪ್ಪಣ್ಣ ಧೂಳ ಇಳಿಯೂತನ ನೋಡಿದ. ಪಾನಾ ಕೆಳಗಿಟ್ಟ. "ಟೈಮಿಂಗ್ ಚಲೋ ಕೊಟ್ಟೀಯಲೇ" ಅಂದ. ಎರಡ ವರ್ಷದಾಗ ಮೊದಲನೇ ಸಲ.

ಉಸ್ತಾದ್ ಎದ್ರು. ಕುರ್ಚಿ ಮಡಚಿದ್ರು. ಇಲ್ಲೀಗೇ ಬರಾಕತ್ತಾರ.

"ಗುತ್ತೆಪ್ಪಾ," ಅಂದ್ರು — ಬೇಟಾ ಅನ್ನಲಿಲ್ಲ, ಪೂರ್ತಿ ಹೆಸರು — "ಹಾನಗಲ್ಲಿಗೆ ಒಂದ ಹುಡುಗ ಬೇಕಾಗತೈತಿ ನಿನಗ, ಪಾನಾ ಕೊಡಾಕ. ಯಾರ್ನ ಕರಕೊಂಡ ಹೋ—"